ಜರ್ಮನಿಯ ಸಣ್ಣ ಊರಲ್ಲಿ ಸಾಲ್ಸಾ ಡಾನ್ಸ್ ಗುಂಪು ಕಟ್ಟೋದು ಹೇಗೆ?

ಪ್ರಶ್ನೆ:
ಊರಿಗೆ ಹೊಸಬ. ಇಲ್ಲಿ ಸಾಲ್ಸಾ ಗೊತ್ತಿರೋರು ಅಲ್ಲೊಬ್ಬರು ಇಲ್ಲೊಬ್ಬರು. ವಾರಕ್ಕೊಂದು ಸೋಶಿಯಲ್ (ಎಲ್ಲರೂ ಸೇರಿ ಕುಣಿಯೋ ಸಂಜೆ) ಶುರು ಮಾಡಿದ್ರೆ ನಿಲ್ಲುತ್ತಾ? ಏನೇನು ಬೇಕು?

ಉತ್ತರ 1:
ಹೊಸಬರು ಜೋಡಿ ಸಿಗದೆ ಗೋಡೆಗೆ ಒರಗಿ ನಿಂತರೆ ಮುಂದಿನ ವಾರ ಬರಲ್ಲ. ಅದಕ್ಕೇ ಸೋಶಿಯಲ್‌ಗೆ ಮುಂಚೆ 45 ನಿಮಿಷ ಪಾಠ ಇಡಿ. ಬೇಸಿಕ್, ರೈಟ್ ಟರ್ನ್, ಕ್ರಾಸ್ ಬಾಡಿ ಲೀಡ್ (ಜೋಡಿಯನ್ನು ಎದುರು ಬದಿಗೆ ದಾಟಿಸೋದು) ಸಾಕು. ಎಂಟು ಬೀಟ್ ಎಣಿಸಿ, 1-2-3, 5-6-7ಕ್ಕೆ ಹೆಜ್ಜೆ. 4 ಮತ್ತು 8ರಲ್ಲಿ ತಡೆ. ಹೊಸಬರು ಎಡವೋದು ಅಲ್ಲೇ, 4ಕ್ಕೂ ಕಾಲು ಎತ್ತಿಬಿಡ್ತಾರೆ. ಎರಡು ಮೂರು ನಿಮಿಷಕ್ಕೊಮ್ಮೆ ಜೋಡಿ ಬದಲಿಸಿ, ಗಂಡ-ಹೆಂಡತಿ ಬಂದಿದ್ದರೂ ಸರಿ (ಬೇಡ ಅಂದ್ರೆ ಒತ್ತಾಯ ಬೇಡ). ಪಾಠಕ್ಕೆ ನಿಮಿಷಕ್ಕೆ 160-170 ಬೀಟ್‌ನ ಹಾಡು ಹಾಕಿ. 200 ದಾಟಿದರೆ ಕಾಲು ತೊಡರುತ್ತೆ.

ಉತ್ತರ 2:
ದುಡ್ಡಿನ ಲೆಕ್ಕದಲ್ಲಿ ಎಲ್ಲರೂ ಮರೆಯೋದು ಗೇಮಾ (GEMA), ಅಂದ್ರೆ ಹಾಡುಗಳ ಹಕ್ಕಿನ ಶುಲ್ಕ ವಸೂಲಿ ಮಾಡೋ ಜರ್ಮನ್ ಸಂಸ್ಥೆ. ಸಾರ್ವಜನಿಕವಾಗಿ ಹಾಡು ಹಾಕೋದಾದ್ರೆ ಮೊದಲೇ ಅವರಿಗೆ ತಿಳಿಸಿ ಶುಲ್ಕ ಕಟ್ಟಬೇಕು. ಹಾಲ್‌ನ ಅಳತೆ, ಟಿಕೆಟ್ ದರ ನೋಡಿ ನಿಗದಿ ಮಾಡ್ತಾರೆ. ಮುಂದೆ ಸಂಘ ನೋಂದಾಯಿಸೋ ಯೋಚನೆ ಇದ್ರೆ ಕನಿಷ್ಠ 7 ಸದಸ್ಯರು ಬೇಕು. ಹಾಲ್ ಆರಿಸುವಾಗ ಮರದ ನೆಲವೇ ಇರಲಿ. ಕಾಂಕ್ರೀಟ್ ಮೇಲಿನ ಟೈಲ್ಸ್ ಮಂಡಿಗೆ ಕೆಟ್ಟದ್ದು. ಜಾರಲಿ ಅಂತ ಪೌಡರ್ ಮಾತ್ರ ಹಾಕಬೇಡಿ, ಯಾರಾದ್ರೂ ಬೀಳ್ತಾರೆ.

ಉತ್ತರ 3:
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಗುಂಪು ಒಡೆಯೋದು ಶೈಲಿಯ ಜಗಳದಿಂದ. ಕ್ಯೂಬನ್ ಶೈಲಿಯವರು ಸುತ್ತು ಸುತ್ತಿ ಕುಣಿಯೋರು, ಆನ್ 1, ಆನ್ 2 ಶೈಲಿಯವರು (1ನೇ ಅಥವಾ 2ನೇ ಬೀಟ್‌ಗೆ ದಿಕ್ಕು ಬದಲಿಸೋರು) ನೇರ ಗೆರೆಯಲ್ಲಿ. ಸಣ್ಣ ಊರಲ್ಲಿ ಮೂವರಿಗೂ ಬೇರೆ ಬೇರೆ ರಾತ್ರಿ ಇಟ್ಟರೆ ಮೂರೂ ಖಾಲಿ. ಒಂದೇ ರಾತ್ರಿ ಇಡಿ, ನಡುವೆ ಒಂದು ರುಯೇಡಾ ಮಾಡಿಸಿ: ಎಲ್ಲರೂ ವೃತ್ತದಲ್ಲಿ, ಒಬ್ಬರು ಕೂಗಿ ಹೇಳಿದಂತೆ ಜೋಡಿ ಬದಲು. ಮೂರು ಸಾಲ್ಸಾ ಹಾಡಿಗೆ ಒಂದು ಬಚಾಟ (ನಿಧಾನಗತಿಯ ಇನ್ನೊಂದು ಲ್ಯಾಟಿನ್ ಡಾನ್ಸ್) ಹಾಡು ಹಾಕಿ, ಸುಸ್ತಾದವರು ಉಸಿರಾಡ್ತಾರೆ.