ಕೌದಿಯ ಅಂಚುಪಟ್ಟಿ: ಕೈಯಲ್ಲಿ ಹೊಲೆಯಲಾ, ಮಷಿನ್ ಹಾಕಲಾ?

ಹೊಸ ಸೂಜಿ: ಅಜ್ಜಿಯ ಹಳೆ ಸೀರೆಗಳ ಕೌದಿ ಹೊಲೆದು ಮುಗಿಸಿದೆ. 60 ಇಂಚು ಅಗಲ, 90 ಇಂಚು ಉದ್ದ. ಅಂಚುಪಟ್ಟಿ ಮಾತ್ರ ಬಾಕಿ. ಅಜ್ಜಿಯ ಇಳಕಲ್ ಸೀರೆಯ ಕೆಂಪು ದಡಿಯನ್ನೇ ಸುತ್ತ ಹಚ್ಚುವ ಆಸೆ. ತಂಗಿ ಮದುವೆಗೆ ಮೂರೇ ವಾರ ಇದೆ. ಮಾಡಿದವರು ಅನುಭವ ಹೇಳಿ.

ಧಾರವಾಡದವಳು: ಕೈಯಲ್ಲೇ ಹೊಲೆಯಿರಿ. ನನ್ನದೂ ಇದೇ ಅಳತೆ. ಸುತ್ತಳತೆ 300 ಇಂಚು, ಮೂಲೆ ಮತ್ತು ಜೋಡಣೆಗೆ ಇನ್ನೊಂದು 12. ಬಟ್ಟೆಯ ಅಗಲಕ್ಕೆ ಕತ್ತರಿಸಿದ ಎರಡೂವರೆ ಇಂಚಿನ ಪಟ್ಟಿ ಎಂಟು ಬೇಕು, ಅಂದರೆ 20 ಇಂಚು ಬಟ್ಟೆ. ನಾನು ಅರ್ಧ ಮೀಟರ್ ತಂದಿದ್ದೆ. ಏಳೇ ಪಟ್ಟಿ ಬಂತು! ಮತ್ತೆ ಅಂಗಡಿಗೆ ಹೋದರೆ ಅದೇ ಥಾನು ಖಾಲಿ, ಹೊಸದರ ಬಣ್ಣ ಒಂದು ಛಾಯೆ ಬೇರೆ. ಆರು ವರ್ಷವಾಯಿತು, ಕೌದಿ ಹೊದ್ದಾಗಲೆಲ್ಲ ಕಣ್ಣು ಆ ಮೂಲೆಗೇ ಹೋಗುತ್ತದೆ. ಮುಂಭಾಗಕ್ಕೆ ಮಷಿನ್ ಹೊಲಿಗೆ ಹಾಕಿ, ಹಿಂದಕ್ಕೆ ಮಡಚಿ ಕೈಯಲ್ಲಿ ಹೆಮ್ಮಿಂಗ್ ಮಾಡಿದೆ. 11 ಸಂಜೆ ಹಿಡಿಯಿತು. ಬೆರಳ ತುದಿ ಒಡೆದು ರಕ್ತ ಬಂತು. ಆದರೂ ಒಂದೂ ಹೊಲಿಗೆ ಕಾಣಿಸುವುದಿಲ್ಲ. ಎರಡೂ ಕಡೆ ಮಷಿನ್ ಓಡಿಸಿದರೆ ಅದು ಅಂಗಡಿ ಚಾದರ, ಕೌದಿ ಅಲ್ಲ.

ಗದಗಿನ ಟೈಲರ್: ಅಕ್ಕಾ, ಈ ಮಾತು ಒಪ್ಪುವುದಿಲ್ಲ. ನಮ್ಮಮ್ಮ ಕೌದಿ ಹೊಲೆದೇ ನಮ್ಮನ್ನು ಓದಿಸಿದರು. ಅಂಚಿಗೆ ಯಾವತ್ತೂ ಮಷಿನ್ನೇ. ನಾನು ಮೊದಲ ಸಲ ಕೂತಾಗ 14ನೇ ನಂಬರ್ ಸೂಜಿ ಮೂರು ಮುರಿದವು. ಒಂದು ತುಂಡು ಹಾರಿ ಕನ್ನಡಕಕ್ಕೆ ಬಡಿಯಿತು. ಅದಕ್ಕಿಂತ ದಪ್ಪನೆಯ 18ಕ್ಕೆ ಬದಲಿಸಿ, ಹೊಲಿಗೆ ಉದ್ದ ಮಾಡಿದ ಮೇಲೆ ಸಲೀಸಾಯಿತು. ಒಂದು ಮಧ್ಯಾಹ್ನದ ಕೆಲಸ. ಆ ಕೌದಿ ಮೇಲೆ ಎರಡು ಮಕ್ಕಳು ಬೆಳೆದವು, ಅಂಚಿನ ಒಂದೂ ದಾರ ಬಿಟ್ಟಿಲ್ಲ.

ಧಾರವಾಡದವಳು: ನಿಮ್ಮ ಅಮ್ಮನ ಬಗ್ಗೆ ನಾನೇನೂ ಹೇಳಲಿಲ್ಲ.

ಗದಗಿನ ಟೈಲರ್: ಕೌದಿ ಅಲ್ಲ ಅಂದಿರಿ. ಹೊಟ್ಟೆಪಾಡಿಗೆ ಹೊಲೆಯುವವರಿಗೆ 11 ಸಂಜೆ ಎಲ್ಲಿಂದ ಬರಬೇಕು?

ದಡಿ ಬಿಚ್ಚಿದವಳು: ನಾನು ಇಳಕಲ್ ದಡಿಯನ್ನೇ ಹಚ್ಚಿದ್ದೆ. ತೊಳೆಯದೆ ಹಚ್ಚಿದ್ದೇ ತಪ್ಪು. ಆ ಸೀರೆಯ ಮೈ ಹತ್ತಿ, ದಡಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಕೌದಿ ಒಗೆದಾಗ ಒಳಗಿನ ಹತ್ತಿ ಕುಗ್ಗಿತು, ದಡಿ ಅಷ್ಟು ಕುಗ್ಗಲಿಲ್ಲ. ಅಂಚು ಪೂರ್ತಿ ಅಲೆ ಅಲೆ. ಸಾಲದ್ದಕ್ಕೆ ಕೆಂಪು ಬಣ್ಣ ಬಿಟ್ಟು ಬಿಳಿ ತುಂಡುಗಳೆಲ್ಲ ಗುಲಾಬಿ. ಬಿಚ್ಚುವುದಕ್ಕೇ ಎರಡು ದಿನ. ಹೊಸ ಹತ್ತಿ ಬಟ್ಟೆ 190, ದಾರ 40, ಆಟೋ ಎರಡು ಸಲಕ್ಕೆ 160 ರೂಪಾಯಿ. ಅಮ್ಮನ ಸೀರೆಯ ಬಿಳಿ ತುಂಡು ಹಾಳಾಯಿತಲ್ಲ, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಎರಡನೇ ಸಲ ಕ್ರಾಸ್ ಪಟ್ಟಿ, ಅಂದರೆ ಎಳೆಗೆ ಓರೆಯಾಗಿ, ಕತ್ತರಿಸಿದೆ. ಸುಮ್ನೆ ಬಟ್ಟೆ ದಂಡ. ಮೂಲೆ ದುಂಡಗಿದ್ದರೆ ಮಾತ್ರ ಕ್ರಾಸ್ ಬೇಕು.

ಗದಗಿನ ಟೈಲರ್: ನೇರ ಅಂಚಿಗೂ ಕ್ರಾಸ್ ಪಟ್ಟಿಯೇ ಜಾಸ್ತಿ ಬಾಳಿಕೆ ಬರುತ್ತದೆ. ನೇರ ಪಟ್ಟಿಯಲ್ಲಿ ಮಡಿಕೆ ಒಂದೇ ಎಳೆಯ ಮೇಲೆ ಬೀಳುತ್ತದೆ. ಆ ಎಳೆ ಸವೆದರೆ ಉದ್ದಕ್ಕೂ ಸೀಳುತ್ತದೆ.

ದಡಿ ಬಿಚ್ಚಿದವಳು: ಪಟ್ಟಿಯನ್ನು ಮೊದಲೇ ಎರಡಾಗಿ ಮಡಚಿ ಜೋಡಿ ಮಡಿಕೆ ಹಾಕಿದರೆ ಹಾಗಾಗಲ್ಲ. ನನ್ನದು ನೇರದ್ದೇ ಈಗ ಗಟ್ಟಿ ನಿಂತಿದೆ. ಮೂರು ಮೀಟರ್ ಹಾಳು ಮಾಡಿ ಹೇಳ್ತಿದ್ದೇನೆ.

ಹಳಿಯಾಳದಿಂದ: ಪಟ್ಟಿಯೇ ಯಾಕೆ ಬೇಕು? ನಮ್ಮ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಮೂಲೆಯಿಂದ ಹೊಲಿಗೆ ಶುರು ಮಾಡಿ, ಅಂಚು ಸುತ್ತುತ್ತಾ ಸುತ್ತುತ್ತಾ ಮಧ್ಯಕ್ಕೆ ಬರುತ್ತಾರೆ. ಅಂಚು ಮೊದಲೇ ಭದ್ರ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಫೂಲಾ, ಅಂದರೆ ಹೂವು. ನಾನು ಅವರ ಪಕ್ಕ ಕೂತು ಒಂದು ಮಳೆಗಾಲ ಪೂರ್ತಿ ಕಲಿತೆ. ಮೊದಲ ಎರಡು ಫೂಲಾ ಬಿಚ್ಚಿ ಮತ್ತೆ ಹೊಲೆಸಿದರು.

ಧಾರವಾಡದವಳು: ಇವರ ಕೌದಿ ಹೊಲೆದು ಮುಗಿದಿದೆ. ಈಗ ಮೂಲೆಯಿಂದ ಶುರು ಮಾಡಿ ಅಂದರೆ ಹೇಗೆ?

ಹಳಿಯಾಳದಿಂದ: ಮುಂದಿನ ಕೌದಿಗಾದರೂ ಗೊತ್ತಿರಲಿ ಅಂತ ಹೇಳಿದೆ. ಇಲ್ಲಿ ಕೇಳಿದವರಿಗಿಂತ ನೀವೇ ಜಾಸ್ತಿ ಮಾತಾಡ್ತಿದ್ದೀರಿ.

ಹೊಸ ಸೂಜಿ: ಜಗಳ ಬೇಡ, ದಯವಿಟ್ಟು. ದಡಿ ಕತ್ತರಿಸಿ ಬಕೆಟ್ಟಿನಲ್ಲಿ ನೆನೆಹಾಕಿದ್ದೇನೆ. ನೀರು ಕೆಂಪಗಾಗಿದೆ.

ದಡಿ ಬಿಚ್ಚಿದವಳು: ಸದ್ಯ, ಹೊಲೆಯುವ ಮೊದಲೇ ಗೊತ್ತಾಯಿತಲ್ಲ. ತಣ್ಣೀರೇ ಇರಲಿ. ತಿಳಿಯಾಗುವವರೆಗೆ ಬದಲಿಸುತ್ತಾ ಇರಿ. ನಾನು ಬಿಚ್ಚಿದ ದಡಿಗೆ ಆರು ಬಕೆಟ್ ಆಯಿತು. ಕೊನೆಗೆ ಒದ್ದೆ ದಡಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಡಿ. ಬೆಳಿಗ್ಗೆ ಬಟ್ಟೆಯಲ್ಲಿ ಕೆಂಪು ಕಂಡರೆ ಆ ದಡಿ ಹಚ್ಚಬೇಡಿ.