ಕ್ಲೈಮ್ಸ್ ಡೇಟಾದಲ್ಲಿ ಬೊಜ್ಜಿನ ಕೋಡ್ ಇಲ್ಲದವರನ್ನು 'ನಾರ್ಮಲ್ ತೂಕ' ಅನ್ನಬಹುದಾ?

ಸಾಲು_ಎಣಿಸುವವ ಕೇಳಿದ್ದು:

ಅಮೆರಿಕದ ಇನ್ಶೂರೆನ್ಸ್ ಕ್ಲೈಮ್ಸ್ ಡೇಟಾ (ಡಾಕ್ಟರ್, ಆಸ್ಪತ್ರೆ, ಔಷಧಿ ಅಂಗಡಿಯವರು ಇನ್ಶೂರೆನ್ಸ್ ಕಂಪನಿಗೆ ಕಳಿಸುವ ಬಿಲ್‌ಗಳು) ಮೇಲೆ ಕೆಲಸ ಮಾಡುತ್ತಿದ್ದೇನೆ. 18 ದಾಟಿದ ಸಕ್ಕರೆ ಕಾಯಿಲೆಯವರನ್ನು ತೂಕದ ಮೇಲೆ ನಾಲ್ಕು ಗುಂಪು ಮಾಡಬೇಕು: ಕಡಿಮೆ, ನಾರ್ಮಲ್, ಜಾಸ್ತಿ, ಬೊಜ್ಜು. ಕ್ಲೈಮ್‌ನಲ್ಲಿ ತೂಕ, ಎತ್ತರ ಏನೂ ಇರಲ್ಲ, ಬರೀ ಕಾಯಿಲೆಯ ಕೋಡ್. ಝಡ್ 68 (ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಂಕಿ) ಮತ್ತು ಇ 66 (ಬೊಜ್ಜು) ಹುಡುಕಿ ಗುಂಪಿಗೆ ಹಾಕಿದೆ. ಎರಡೂ ಇಲ್ಲದವರನ್ನು ಸುಮ್ನೆ 'ನಾರ್ಮಲ್' ಅಂದುಬಿಟ್ಟೆ.

ಈಗ ಅನುಮಾನ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು 2021–23ರಲ್ಲಿ ಜನರನ್ನು ನಿಜವಾಗಿ ತೂಗಿ ನೋಡಿದಾಗ ದೊಡ್ಡವರಲ್ಲಿ 40.3% ಮಂದಿಗೆ ಬೊಜ್ಜು ಇತ್ತು. ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಜಾಸ್ತಿ ಇರಬೇಕು ಅಲ್ವಾ? ನನ್ನ ಟೇಬಲ್‌ನಲ್ಲಿ ಅದರ ಅರ್ಧವೂ ಇಲ್ಲ. ಒಬ್ಬರಂತೂ ತಿಂಗಳು ತಿಂಗಳೂ ವೆಗೋವಿ (ತೂಕ ಇಳಿಸುವ ಔಷಧಿ) ತಗೊಳ್ತಿದ್ದಾರೆ, ನನ್ನ ಲೆಕ್ಕದಲ್ಲಿ ನಾರ್ಮಲ್! ಎಲ್ಲಿ ಎಡವಿದೆ?

ಕೋಡ್_ಅಕ್ಕ:

ಹನ್ನೊಂದು ವರ್ಷದಿಂದ ಮೆಡಿಕಲ್ ಕೋಡಿಂಗ್ (ಡಾಕ್ಟರ್ ಬರೆದಿದ್ದನ್ನು ಬಿಲ್‌ನ ಕೋಡ್ ಮಾಡುವ ಕೆಲಸ) ಮಾಡುತ್ತಿದ್ದೇನೆ. ದಯವಿಟ್ಟು ಹಾಗೆ ಹಾಕಬೇಡಿ.

ನನ್ನ ಮುಂದೆ ದಿನಾ ಬರುವಂಥ ಒಂದು ಚಾರ್ಟ್ (ರೋಗಿಯ ದಾಖಲೆ) ಹೇಳ್ತೀನಿ. ಮೊಣಕಾಲು ನೋವು ಅಂತ ಬಂದಿದ್ದಾರೆ. ನರ್ಸ್ ತೂಕ ನೋಡಿ ಬಿಎಂಐ 34.2 ಅಂತ ಬರೆದಿದ್ದಾರೆ. ಡಾಕ್ಟರ್ ಬರೆದಿದ್ದು ಬಲ ಮಂಡಿ ಸವೆತ, ಬಿಪಿ, ಸಕ್ಕರೆ. ಅಷ್ಟೇ. ಆ ಬಿಎಂಐಗೆ ಹೊಂದುವ ಝಡ್ 68.34 ನನ್ನ ಕಣ್ಣೆದುರೇ ಇದೆ, ಆದರೆ ಹಾಕುವ ಹಾಗಿಲ್ಲ. ಬಿಎಂಐ ಅಂಕಿ ಯಾರು ಬರೆದಿದ್ದರೂ ನಡೆಯುತ್ತೆ, ನರ್ಸ್ ಆಗಲಿ ಡಯಟೀಷಿಯನ್ ಆಗಲಿ. 'ಬೊಜ್ಜು' ಅನ್ನೋದನ್ನು ಮಾತ್ರ ಡಾಕ್ಟರೇ ಬರೆಯಬೇಕು. ಆ ಒಂದು ಪದ ಇಲ್ಲದಿದ್ದರೆ ಬಿಎಂಐ ಕೋಡೂ ಇಲ್ಲ. ಡಾಕ್ಟರ್‌ಗೆ ಕೇಳಿ ಕಳಿಸಬಹುದು ನಿಜ, ಮಂಡಿ ನೋವಿನ ಬಿಲ್‌ಗೆ ಯಾರು ಕೇಳ್ತಾರೆ?

ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರ ಕಥೆ ಬೇರೆ. ಬಿಎಂಐ 40 ದಾಟಿದರೆ ಮೆಡಿಕೇರ್ (ಅಮೆರಿಕದ ಸರ್ಕಾರಿ ವಿಮೆ) ಲೆಕ್ಕದಲ್ಲಿ ಆ ಕೋಡ್‌ನಿಂದ ಬಿಲ್ ಮೊತ್ತವೇ ಬದಲಾಗಬಹುದು. ಅಂಥದ್ದನ್ನು ನಾವು ಯಾರೂ ಮರೆಯಲ್ಲ :) ಹಾಗಾಗಿ ತುಂಬಾ ದಪ್ಪ ಇರುವವರು ಸಿಗುತ್ತಾರೆ, ಬಿಎಂಐ 31–32 ಇರುವ ಬೊಜ್ಜಿನವರು ತಪ್ಪಿಸಿಕೊಳ್ಳುತ್ತಾರೆ. 27 ಇರುವ ಜಾಸ್ತಿ ತೂಕದವರನ್ನಂತೂ ಕೇಳೋದೇ ಬೇಡ. ನಾರ್ಮಲ್ ಇರುವವರಿಗೆ ಕೋಡ್ ಹಾಕೋಕೆ ಕಾರಣವೇ ಇರಲ್ಲ. ಅಂದರೆ ನಿಮ್ಮ ನಾರ್ಮಲ್ ಗುಂಪಿನಲ್ಲಿ ಎಲ್ಲರೂ ಕಲಸಿಹೋಗಿದ್ದಾರೆ.

ವೆಗೋವಿ ವಿಷಯ: ಔಷಧಿ ಅಂಗಡಿಯ ಕ್ಲೈಮ್‌ನಲ್ಲಿ ಸಾಮಾನ್ಯವಾಗಿ ಕಾಯಿಲೆಯ ಕೋಡೇ ಇರಲ್ಲ.

ಅರ್ಧ_ಸ್ಟಾಟ್:

ಅಕ್ಕ ಹೇಳಿದ್ದು ಸರಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಪೆಸಿಫಿಸಿಟಿ ಚೆನ್ನಾಗಿದೆ (ಬೊಜ್ಜು ಇಲ್ಲದವರಿಗೆ ಕೋಡ್ ಬೀಳೋದು ಕಡಿಮೆ), ಸೆನ್ಸಿಟಿವಿಟಿ ಕಳಪೆ (ಬೊಜ್ಜು ಇರುವವರಲ್ಲಿ ತುಂಬಾ ಜನ ತಪ್ಪಿಹೋಗ್ತಾರೆ). ಕೋಡ್ ಇದ್ದರೆ ಬಹುಮಟ್ಟಿಗೆ ನಂಬಿ. ಇಲ್ಲದಿದ್ದರೆ 'ಗೊತ್ತಿಲ್ಲ' ಅಂತಲೇ ಬರೆಯಿರಿ.

ಇನ್ನೊಂದು ಗುಂಡಿ ಇದೆ, ನಾನೇ ಬಿದ್ದಿದ್ದೆ. ಕೋಡ್ ಇರುವವರ ಖರ್ಚನ್ನು ಇಲ್ಲದವರ ಖರ್ಚಿನ ಜೊತೆ ಹೋಲಿಸಿ, ಬೊಜ್ಜಿನಿಂದ ಇಷ್ಟು ಖರ್ಚು ಜಾಸ್ತಿ ಅಂತ ಚಾರ್ಟ್ ಮಾಡಿದ್ದೆ. ಪದೇಪದೇ ಡಾಕ್ಟರ್ ಹತ್ರ ಹೋಗುವವರಿಗೇ ಕೋಡ್ ಬೀಳೋದು. ನಾನು ಅಳೆದಿದ್ದು ಬೊಜ್ಜನ್ನಲ್ಲ, ಡಾಕ್ಟರ್ ಹತ್ರದ ಓಡಾಟವನ್ನು. ಸ್ವಲ್ಪ ಜನರಿಗಾದರೂ ಆಸ್ಪತ್ರೆ ರೆಕಾರ್ಡ್‌ನ ಅಳತೆ ಸಿಕ್ಕರೆ ಅದರ ಜೊತೆ ತಾಳೆ ನೋಡಿ.

ಕಡಿಮೆ ತೂಕದ ಗುಂಪನ್ನೂ ಗಮನಿಸಿ. ಝಡ್ 68.1 ಅಂದರೆ ಬಿಎಂಐ 19.9 ಅಥವಾ ಅದಕ್ಕಿಂತ ಕಡಿಮೆ. ಕಡಿಮೆ ತೂಕಕ್ಕೆ ಡಬ್ಲ್ಯೂಎಚ್ಒ (ವಿಶ್ವ ಆರೋಗ್ಯ ಸಂಸ್ಥೆ) ಗೆರೆ 18.5. ನಡುವಿನವರು ನಾರ್ಮಲ್ ತೂಕದವರೇ.

ಮೂಲೆ_ಸೀಟು:

18 ದಾಟಿದವರು ಅಂದ್ರಲ್ಲ. ಐಸಿಡಿ-10 (ಈ ಕಾಯಿಲೆ ಕೋಡ್‌ಗಳ ಪಟ್ಟಿ) ಕೋಡಿಂಗ್‌ನಲ್ಲಿ ದೊಡ್ಡವರ ಬಿಎಂಐ ಕೋಡ್ ಶುರುವಾಗೋದು 20 ವರ್ಷಕ್ಕೆ. 18, 19ರವರು ಮಕ್ಕಳ ಝಡ್ 68.5ರಲ್ಲಿ ಇರ್ತಾರೆ, ಪರ್ಸೆಂಟೈಲ್ ಲೆಕ್ಕ (ಅದೇ ವಯಸ್ಸಿನವರ ಜೊತೆ ಹೋಲಿಸಿ). ಹಾಗೇ 2024ರ ಅಕ್ಟೋಬರ್ 1ರಿಂದ ಇ 66.81 ಅಂತ ಹೊಸದು ಬಂದಿದೆ, ಬೊಜ್ಜಿನ ಮೂರು ದರ್ಜೆಗೆ. ಹಳೇ ಕೋಡ್ ಪಟ್ಟಿ ಇಟ್ಟುಕೊಂಡಿದ್ದರೆ ಅದೂ ಬಿಟ್ಟುಹೋಗಿರುತ್ತೆ.

ಸಾಲು_ಎಣಿಸುವವ:

ಥ್ಯಾಂಕ್ಸ್ ಎಲ್ಲರಿಗೂ. 18–19ರವರನ್ನು ಹುಡುಕಿ ನೋಡಿದೆ. ಝಡ್ 68.54 ಇದ್ದವರೂ ನಾರ್ಮಲ್‌ನಲ್ಲೇ ಕೂತಿದ್ದರು. ಅದು 95ನೇ ಪರ್ಸೆಂಟೈಲ್ ಅಥವಾ ಅದಕ್ಕಿಂತ ಮೇಲೆ! 'ನಾರ್ಮಲ್' ಅನ್ನೋ ಕಾಲಮ್ ಅಳಿಸಿದ್ದೇನೆ. ನಾಲ್ಕು ಗುಂಪು ಕೇಳಿದ್ದ ಮ್ಯಾನೇಜರ್‌ಗೆ ನಾಳೆ ಎರಡೇ ತೋರಿಸಬೇಕು: ಬೊಜ್ಜಿನ ಕೋಡ್ ಇದೆ, ಗೊತ್ತಿಲ್ಲ. ಅಕ್ಕಾ, ನಿಮ್ಮ ಮೊಣಕಾಲು ನೋವಿನ ಚಾರ್ಟ್ ಕಥೆ ಅವರಿಗೆ ಹೇಳಬಹುದಾ?