ಮೈಕೆಲ್ ಫ್ರೇನ್ ಅವರನ್ನು ಯಾವ ಕೃತಿಯಿಂದ ಓದತೊಡಗಬೇಕು? – ಅನುಭವ ಹಂಚಿಕೆ

ಕೇಳಿದವರು: ಮೈಸೂರಿನ ಒಂದು ಓದುಬಳಗದ ಸಂಚಾಲಕಿ

ನಮ್ಮ ಬಳಗದಲ್ಲಿ ಎಂಟು ಮಂದಿ ಇದ್ದೇವೆ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಕೃತಿಯನ್ನು ಗಟ್ಟಿಯಾಗಿ ಓದುತ್ತೇವೆ. ಬ್ರಿಟನ್ನಿನ ಮೈಕೆಲ್ ಫ್ರೇನ್ ಅವರ ‘ಕೋಪನ್‌ಹೇಗನ್’ ನಾಟಕವನ್ನು ಓದಿ ಮುಗಿಸಿ, ಅದೇ ಗುಂಗಿನಲ್ಲಿ ಅವರ ‘ನಾಯ್ಸಸ್ ಆಫ್’ ಅನ್ನು ಕೈಗೆತ್ತಿಕೊಂಡೆವು. ಮೊದಲನೆಯದು ಭೌತವಿಜ್ಞಾನಿಗಳಿಬ್ಬರ ಗಂಭೀರ ಸಂವಾದ, ಎರಡನೆಯದು ಬಾಗಿಲುಗಳು ದಡಬಡನೆ ತೆರೆದು ಮುಚ್ಚುವ ಪ್ರಹಸನ. ಎರಡನ್ನೂ ಬರೆದವರು ಒಬ್ಬರೇ ಎಂದು ನಂಬುವುದಕ್ಕೇ ಹೊತ್ತು ಹಿಡಿಯಿತು. ಸಾಲದ್ದಕ್ಕೆ, ಪ್ರಹಸನದ ಎರಡನೆಯ ಅಂಕವನ್ನು ಓದುವಾಗ ಒಬ್ಬರೂ ನಗಲಿಲ್ಲ. ಮುಂದಿನ ನಾಲ್ಕು ತಿಂಗಳನ್ನು ಇವರಿಗೇ ಮೀಸಲಿಡಬೇಕೆಂದಿದ್ದೇವೆ. ಯಾವುದನ್ನು ಓದಬೇಕು, ಹೇಗೆ ಓದಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹವ್ಯಾಸಿ ನಾಟಕ ತಂಡದಲ್ಲಿ ಇಪ್ಪತ್ತು ವರ್ಷ ದುಡಿದವರು

ಮೇಡಂ, ನಗು ಬಾರದಿದ್ದುದು ನಿಮ್ಮ ಬಳಗದವರ ತಪ್ಪಲ್ಲ. 1982ರ ಆ ನಾಟಕದ ಮೂರು ಅಂಕಗಳಲ್ಲಿಯೂ ನಡೆಯುವುದು ‘ನಥಿಂಗ್ ಆನ್’ ಎಂಬ, ನಾಟಕದೊಳಗಿನ ಒಂದೇ ಪ್ರಹಸನದ ಮೊದಲ ಅಂಕ. ಮೊದಲಿಗೆ ಅದರ ಕೊನೆಯ ತಾಲೀಮನ್ನು ನೋಡುತ್ತೇವೆ. ಎರಡನೆಯ ಅಂಕದಲ್ಲಿ ರಂಗಸಜ್ಜಿಕೆಯನ್ನೇ ಹಿಂದುಮುಂದಾಗಿ ತಿರುಗಿಸಿಟ್ಟಿರುತ್ತಾರೆ. ಅತ್ತ ಪ್ರೇಕ್ಷಕರೆದುರು ಪ್ರದರ್ಶನ ಸಾಗುತ್ತಿರುವಾಗ ಇತ್ತ ನೇಪಥ್ಯದಲ್ಲಿ ನಟನಟಿಯರು, ಸದ್ದು ಮಾಡುವಂತಿಲ್ಲವಾದ್ದರಿಂದ, ತಮ್ಮ ಪ್ರೇಮ, ಅಸೂಯೆ, ಜಗಳಗಳನ್ನೆಲ್ಲ ಮೂಕಾಭಿನಯದಲ್ಲಿಯೇ ನಡೆಸುತ್ತಾರೆ. ಪುಸ್ತಕದಲ್ಲಿ ಇದೆಲ್ಲ ಪುಟಗಟ್ಟಲೆ ರಂಗಸೂಚನೆಯಾಗಿ ಕುಳಿತಿದೆ. ಅದನ್ನು ಸಂಭಾಷಣೆಯಂತೆ ಓದುವುದೆಂದರೆ ಅಡುಗೆ ಪುಸ್ತಕವನ್ನು ಓದಿ ಹೊಟ್ಟೆ ತುಂಬಿಸಿಕೊಂಡಂತೆ.

ನಾವು ಮಾಡಿದ ಉಪಾಯವನ್ನು ಹೇಳುತ್ತೇನೆ. ಒಬ್ಬರು ರಂಗದ ಮೇಲಿನ ಮಾತನ್ನು ಮಾತ್ರ ಓದಬೇಕು, ಇನ್ನೊಬ್ಬರು ರಂಗಸೂಚನೆಯನ್ನು ಮಾತ್ರ ಓದಬೇಕು, ಉಳಿದವರು ವಿಸ್ಕಿ ಬಾಟಲಿ, ಹೂಗುಚ್ಛ, ಕಳ್ಳಿ ಗಿಡ, ಕೊಡಲಿಗಳನ್ನು ನಿಜವಾಗಿಯೇ ಕೈಯಿಂದ ಕೈಗೆ ದಾಟಿಸುತ್ತಿರಬೇಕು. ಮೊದಲನೆಯ ಅಂಕವನ್ನು ಮಾತ್ರ ದಯವಿಟ್ಟು ಅವಸರಿಸದೆ ಓದಿ, ಏಕೆಂದರೆ ಸಾರ್ಡೀನ್ ಮೀನಿನ ತಟ್ಟೆ ಯಾವಾಗ ಎಲ್ಲಿರಬೇಕು ಎಂಬುದು ಮನಸ್ಸಿನಲ್ಲಿ ಕೂರದಿದ್ದರೆ ಮೂರನೆಯ ಅಂಕದಲ್ಲಿ ಅದು ತಪ್ಪಿದಾಗ ನಗು ಹುಟ್ಟುವುದಿಲ್ಲ. 1970ರಲ್ಲಿ ತಮ್ಮದೇ ಕಿರುನಾಟಕಗಳ ‘ದಿ ಟೂ ಆಫ್ ಅಸ್’ ಪ್ರದರ್ಶನವನ್ನು ಫ್ರೇನ್ ಒಮ್ಮೆ ಪಕ್ಕದ ಪರದೆಯ ಮರೆಯಿಂದ ನೋಡಿದರು. ಇಬ್ಬರೇ ನಟರು ಹಲವು ಪಾತ್ರಗಳಿಗಾಗಿ ಉಡುಪು ಬದಲಿಸಿಕೊಂಡು ಓಡಾಡುವ ಪರದಾಟ, ಎದುರಿನಿಂದ ಕಾಣುವ ನಾಟಕಕ್ಕಿಂತ ಹೆಚ್ಚು ನಗೆ ತರಿಸಿತಂತೆ. ಈ ಪ್ರಹಸನದ ಬೀಜ ಅಲ್ಲಿಯದು. ನೇಪಥ್ಯದಲ್ಲಿ ಒಂದು ದಿನವಾದರೂ ಬೆವರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉತ್ತರ: ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು, ಧಾರವಾಡ

‘ಕೋಪನ್‌ಹೇಗನ್’ ಓದಿಯಾಗಿದೆ ಎಂದಿರಿ. ಪುಸ್ತಕದ ಕೊನೆಯಲ್ಲಿ ಫ್ರೇನ್ ಬರೆದಿರುವ ದೀರ್ಘ ಹಿನ್ನುಡಿಯನ್ನೂ ಓದಿದಿರಾ? ಇಲ್ಲವಾದರೆ ಒಂದು ಬೈಠಕ್ಕನ್ನು ಅದಕ್ಕೇ ಕೊಡಿ. 1941ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ವಶದಲ್ಲಿದ್ದ ಡೆನ್ಮಾರ್ಕಿಗೆ ಬಂದ, ಜರ್ಮನಿಯ ಪರಮಾಣು ಸಂಶೋಧನೆಯಲ್ಲಿದ್ದ ಭೌತವಿಜ್ಞಾನಿ ಹೈಸೆನ್‌ಬರ್ಗ್ ತಮ್ಮ ಗುರುಸಮಾನರಾದ, ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್ ಅವರನ್ನು ಕಂಡು ಏನು ಮಾತಾಡಿದರು, ಏಕೆ ಬಂದಿದ್ದರು ಎಂಬುದು ಇಂದಿಗೂ ಇತ್ಯರ್ಥವಾಗದ ವಿಷಯ. ನಾಟಕದಲ್ಲಿ ಬೋರ್, ಅವರ ಪತ್ನಿ ಮಾರ್ಗರೆಟ್ ಹಾಗೂ ಹೈಸೆನ್‌ಬರ್ಗ್ ಮೂವರೂ ಸತ್ತ ಮೇಲೆ ಸೇರಿ ಅದೊಂದು ಸಂಜೆಯನ್ನು ಮತ್ತೆ ಮತ್ತೆ ನಡೆಸಿ ನೋಡುತ್ತಾರೆ. ನಾಟಕ 1998ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ರಂಗಕ್ಕೆ ಬಂದ ಮೇಲೆ ಎದ್ದ ವಾದವಿವಾದದ ಪರಿಣಾಮವಾಗಿ, ಬೋರ್ ಆ ಭೇಟಿಯ ಕುರಿತು ಬರೆದು ಕಳುಹಿಸದೆ ಉಳಿಸಿಕೊಂಡಿದ್ದ ಪತ್ರಗಳ ಕರಡುಗಳನ್ನು ಅವರ ಕುಟುಂಬದವರು 2002ರಲ್ಲಿ, ಗೊತ್ತುಪಡಿಸಿದ್ದ ಕಾಲಕ್ಕಿಂತ ಹತ್ತು ವರ್ಷ ಮೊದಲೇ ಬಹಿರಂಗಪಡಿಸಿದರು. ಆ ಕರಡುಗಳು ಹೈಸೆನ್‌ಬರ್ಗರ ಪರವಾಗಿಲ್ಲ. ನಾಟಕವೊಂದು ಇತಿಹಾಸದ ದಾಖಲೆಯನ್ನೇ ಪೆಟ್ಟಿಗೆಯಿಂದ ಹೊರಕ್ಕೆ ಎಳೆದ ಇಂಥ ಉದಾಹರಣೆ ವಿರಳ. ಕಣವೊಂದರ ಸ್ಥಾನ, ವೇಗಗಳೆರಡನ್ನೂ ಒಟ್ಟಿಗೆ ನಿಖರವಾಗಿ ಅರಿಯಲಾಗದೆಂಬ ಅನಿಶ್ಚಿತತೆಯ ತತ್ತ್ವವನ್ನು ಮನುಷ್ಯರ ಉದ್ದೇಶಗಳಿಗೆ ಹೋಲಿಸುವುದು ಭೌತಶಾಸ್ತ್ರದ ದೃಷ್ಟಿಯಿಂದ ಸಡಿಲವೇ ಎಂದು ನನ್ನ ತಕರಾರಿದೆ. ಆದರೂ ತರಗತಿಯಲ್ಲಿ ನಾನು ಹೇಳಲಾಗದ್ದನ್ನು ಈ ನಾಟಕ ಹೇಳಿತು.

ಉತ್ತರ: ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ

ಕಾದಂಬರಿಗಳಲ್ಲಿ ಮೊದಲು ‘ಸ್ಪೈಸ್’ (2002) ಓದಿ. ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಯುದ್ಧಕಾಲದ ಇಂಗ್ಲೆಂಡಿನ ಒಂದು ಸಣ್ಣ ಬೀದಿ; ಕೀತ್ ಎಂಬ ಹುಡುಗ ತನ್ನ ತಾಯಿಯೇ ಜರ್ಮನ್ ಗೂಢಚಾರಿಣಿ ಎಂದು ಗೆಳೆಯ ಸ್ಟೀಫನ್‌ಗೆ ಹೇಳುತ್ತಾನೆ, ಇಬ್ಬರೂ ಆಕೆಯ ಬೆನ್ನು ಹತ್ತುತ್ತಾರೆ. ಆಕೆಯ ದಿನಚರಿಯಲ್ಲಿ ತಿಂಗಳಿಗೊಮ್ಮೆ ಕಾಣುವ ಎಕ್ಸ್ ಗುರುತು ಏನೆಂದು ಓದುವ ಹೆಂಗಸರಿಗೆ ಕೂಡಲೇ ಹೊಳೆಯುತ್ತದೆ; ಹುಡುಗರಿಗೋ ಅದು ‘ಎಕ್ಸ್’ ಎಂಬ ರಹಸ್ಯ ವ್ಯಕ್ತಿಯ ಭೇಟಿ. ಅಡಗುತಾಣದ ಮುಂದೆ ‘ಪ್ರೈವೇಟ್’ ಎಂದು ಬರೆಯಲು ಹೋಗಿ ಕೀತ್ ಕಾಗುಣಿತ ತಪ್ಪಿ ‘ಪ್ರಿವೆಟ್’ ಎಂದು, ಅಂದರೆ ಬೇಲಿಯ ಗಿಡದ ಹೆಸರನ್ನು ಬರೆಯುತ್ತಾನೆ. ಆ ಗಿಡದ ಹೂವಿನ ವಾಸನೆಯೇ ಮುದುಕನಾದ ಸ್ಟೀಫನ್‌ನನ್ನು ಮತ್ತೆ ಆ ಬೀದಿಗೆ ಕರೆತರುವುದು. ಒಂಬತ್ತನೆಯ ತರಗತಿಯ ನನ್ನ ಮಗನೊಂದಿಗೆ ಸಂಜೆಗಳಲ್ಲಿ ಇದನ್ನು ಓದಿದೆ. ಆಟ ಕ್ರೌರ್ಯವಾಗುವ ಪುಟಗಳಲ್ಲಿ ಅವನು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮೌನವಾಗಿ ಓದಿಕೊಂಡ.

‘ಹೆಡ್‌ಲಾಂಗ್’ (1999) ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ನೆರೆಯವನ ಮನೆಯಲ್ಲಿ ಹದಿನಾರನೆಯ ಶತಮಾನದ ಚಿತ್ರಕಾರ ಬ್ರೂಗಲ್‌ನ ಕಳೆದುಹೋದ ಚಿತ್ರವನ್ನು ಕಂಡೆನೆಂದು ನಂಬಿ ಅದನ್ನು ಉಪಾಯದಿಂದ ಹೊಡೆದುಕೊಳ್ಳಲು ಹೊರಟವನ ಕಥೆ ಅದು. ನಡುನಡುವೆ ನೆದರ್ಲೆಂಡ್ಸ್‌ನ ಇತಿಹಾಸ ಬಹಳ ಬರುತ್ತದೆ. ಗಟ್ಟಿಯಾಗಿ ಓದುವ ಬಳಗಕ್ಕೆ ಅದು ಹೊರೆಯಾದೀತು.

ಉತ್ತರ: ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಫ್ರೇನ್ ಮೊದಲಿಗೆ ಪತ್ರಕರ್ತರು, ‘ಗಾರ್ಡಿಯನ್’ ಮತ್ತು ‘ಅಬ್ಸರ್ವರ್’ ಪತ್ರಿಕೆಗಳಲ್ಲಿ ಅಂಕಣ ಬರೆದವರು ಎಂಬುದನ್ನು ಯಾರೂ ಹೇಳಲಿಲ್ಲವಲ್ಲ! ‘ಆಲ್ಫಬೆಟಿಕಲ್ ಆರ್ಡರ್’ (1975) ನಡೆಯುವುದು ಒಂದು ಪತ್ರಿಕೆಯ ಕತ್ತರಿಕೆಗಳ ಗ್ರಂಥಾಲಯದಲ್ಲಿ. ಎಲ್ಲೆಂದರಲ್ಲಿ ಕಾಗದ ಚೆಲ್ಲಿಕೊಂಡಿದ್ದರೂ ಮನುಷ್ಯರು ಬಂದು ಕೂರುತ್ತಿದ್ದ ಆ ಕೋಣೆಯನ್ನು ಹೊಸದಾಗಿ ಬಂದ ಹುಡುಗಿ ಅಚ್ಚುಕಟ್ಟು ಮಾಡುತ್ತಾಳೆ. ಪತ್ರಿಕೆಯೇ ಮುಚ್ಚುತ್ತದೆಂಬ ಸುದ್ದಿ ಬಂದಾಗ ಜೋಡಿಸಿದ್ದ ಕತ್ತರಿಕೆಗಳನ್ನು ಎಲ್ಲರೂ ಸೇರಿ ಎರಚಾಡುತ್ತಾರೆ. ಕಚೇರಿಯಲ್ಲಿ ಹಳೆಯ ಕಡತಗಳನ್ನು ಗುಜರಿಗೆ ಹಾಕಿದ ದಿನ ನಾನೂ ಅಲ್ಲಿದ್ದೆ. ಆ ದೃಶ್ಯವನ್ನು ನಗುತ್ತಾ ಓದಲು ನನ್ನಿಂದಾಗಲಿಲ್ಲ. ಪಾತ್ರಗಳು ಕಡಿಮೆ, ಸಂಭಾಷಣೆ ಚುರುಕು. ಎಂಟು ಮಂದಿಗೆ ಹೇಳಿ ಮಾಡಿಸಿದಂತಿದೆ.

ಫ್ರೇನ್ ಅನುವಾದಿಸಿದ ರಷ್ಯನ್ ನಾಟಕಕಾರ ಚೆಕಾಫ್ ವಿಷಯದಲ್ಲಿ ಒಂದು ಮಾತು. ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದಾಗ ಫ್ರೇನ್ ರಷ್ಯನ್ ಕಲಿತರು, ಆದ್ದರಿಂದ ಅವರ ಅನುವಾದಗಳು ನೇರವಾಗಿ ಮೂಲದಿಂದ ಬಂದವು. ಪ್ರಹಸನದ ಗಡಿಯಾರವನ್ನು ಬಲ್ಲವರ ಕೈಯಲ್ಲಿ ಚೆಕಾಫರ ‘ಚೆರ್ರಿ ಆರ್ಚರ್ಡ್’ ನಾಟಕ ಎಷ್ಟು ನಗಿಸುತ್ತದೆಂಬುದನ್ನು ಓದಿಯೇ ನೋಡಬೇಕು.

ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಹಿನ್ನುಡಿ, ‘ಆಲ್ಫಬೆಟಿಕಲ್ ಆರ್ಡರ್’, ‘ಸ್ಪೈಸ್’ ಎಂದು ಮೂರು ತಿಂಗಳಿಗೆ ನಿಶ್ಚಯಿಸಿದ್ದೇವೆ. ನಾಲ್ಕನೆಯ ತಿಂಗಳು ‘ನಾಯ್ಸಸ್ ಆಫ್’ ಎರಡನೆಯ ಅಂಕವನ್ನು ವಸ್ತುಗಳ ಸಮೇತ ಮತ್ತೆ ಓದುತ್ತೇವೆ. ಕಳ್ಳಿ ಗಿಡ ನಮ್ಮ ತಾರಸಿಯಲ್ಲೇ ಇದೆ; ಕೊಡಲಿಗೆ ಮಾತ್ರ ಮನೆಯವರ ಒಪ್ಪಿಗೆ ಸಿಗಬೇಕಾಗಿದೆ.